ಜಾಲತಾಣದ ತಂತ್ರಾಂಶವೂ ದಾಖಲೆಯ ಪ್ರಾಮಾಣ್ಯವೂ

ಇತಿಹಾಸದ ಆಧಾರಗಳು ಕಲ್ಲು, ತಾಮ್ರಪಟ, ಕಡತಗಳನ್ನು ದಾಟಿ ಜಾಲತಾಣಗಳಿಗೂ ಹಬ್ಬಿರುವ ಈ ಕಾಲದಲ್ಲಿ, ಅವನ್ನು ಹೊತ್ತು ನಿಂತಿರುವ ತಂತ್ರಾಂಶದ ಪೋಷಣೆಯನ್ನು ಯಂತ್ರಜ್ಞರ ಕೆಲಸವೆಂದು ಬದಿಗಿರಿಸುವುದು ಉಚಿತವಲ್ಲ. ತಂತ್ರಾಂಶದಲ್ಲಿ ದೋಷ ಕಂಡುಬಂದಾಗ ಅದರ ಕರ್ತೃಗಳು ಹೊರಡಿಸುವ ತಿದ್ದುಪಡಿಯನ್ನು ತೇಪೆಯೆನ್ನಬಹುದು. ಅದನ್ನು ಕಾಲಕಾಲಕ್ಕೆ ಹಾಕದಿದ್ದರೆ ಒದಗುವ ಹಾನಿ ಎಂಥದೆಂಬುದನ್ನು 2017ರ ಒಂದು ಪ್ರಸಂಗದಿಂದ ಅರಿಯಬಹುದು.

2003ರಲ್ಲಿ ಹೊರಬಂದ ವರ್ಡ್‌ಪ್ರೆಸ್ ಜಗತ್ತಿನಲ್ಲಿ ಬಹುವಾಗಿ ಬಳಕೆಯಲ್ಲಿರುವ ತಂತ್ರಾಂಶ. 2016ರ ಡಿಸೆಂಬರಿನಲ್ಲಿ ಬಂದ ಅದರ 4.7ನೆಯ ಆವೃತ್ತಿಯಲ್ಲಿ, ತಾಣದ ಬರಹಗಳನ್ನು ಹೊರಗಿನಿಂದ ಓದುವುದಕ್ಕೂ ತಿದ್ದುವುದಕ್ಕೂ ಹೊಸದೊಂದು ದ್ವಾರವನ್ನು ಕಲ್ಪಿಸಲಾಗಿತ್ತು. ಪ್ರತಿಯೊಂದು ಬರಹಕ್ಕೂ ಒಂದು ಕ್ರಮಾಂಕ, ತಿದ್ದಬಯಸುವವನಿಗೆ ಅಧಿಕಾರವುಂಟೇ ಎಂದು ಮೊದಲು ಪರೀಕ್ಷೆ, ಆಮೇಲೆ ತಿದ್ದುಪಡಿ. ಆದರೆ ಕ್ರಮಾಂಕದ ಕೊನೆಗೆ ಅಕ್ಷರಗಳನ್ನು ಸೇರಿಸಿ ಕಳುಹಿಸಿದರೆ, ಪರೀಕ್ಷೆಯ ಹಂತದಲ್ಲಿ ಅಂಥ ಬರಹವೇ ದೊರೆಯದೆ ತಡೆಯೂ ಇಲ್ಲವಾಗುತ್ತಿತ್ತು. ಮುಂದಿನ ಹಂತದಲ್ಲಿ ಅಕ್ಷರಗಳು ಉದುರಿ ಅಂಕಿಯಷ್ಟೇ ಉಳಿದು, ಆ ಅಂಕಿಯ ಬರಹವು ತಿದ್ದಲ್ಪಡುತ್ತಿತ್ತು.

ಈ ದೋಷವನ್ನು ನೀಗಿಸುವ 4.7.2ನೆಯ ಆವೃತ್ತಿ 2017ರ ಜನವರಿ 26ರಂದು ಹೊರಬಂದಿತು. ತಾನಾಗಿ ತೇಪೆ ಹಾಕಿಕೊಳ್ಳುವ ಏರ್ಪಾಡು 2013ರಿಂದಲೇ ಇದ್ದುದರಿಂದ, ಅದು ಆದಷ್ಟು ತಾಣಗಳನ್ನು ಮುಟ್ಟಲೆಂದು ದೋಷದ ಸಂಗತಿಯನ್ನು ಫೆಬ್ರವರಿ 1ರವರೆಗೆ ಬೇಕೆಂದೇ ಗೋಪ್ಯವಾಗಿಟ್ಟರು. ಬಹಿರಂಗವಾದ ಕೆಲವೇ ದಿನಗಳಲ್ಲಿ, ತೇಪೆ ಹಾಕದೆ ಉಳಿದಿದ್ದ ತಾಣಗಳ ಲಕ್ಷಗಟ್ಟಲೆ ಪುಟಗಳು ವಿರೂಪಗೊಂಡವು. ತೇಪೆಯ ಪ್ರಕಟಣೆಯೇ ದೋಷದ ಪ್ರಕಟಣೆಯೂ ಹೌದು. ಹಳೆಯ ಹೊಸ ಆವೃತ್ತಿಗಳನ್ನು ಹೋಲಿಸಿ ನೋಡಿದವನಿಗೆ ಬಿರುಕು ಎಲ್ಲಿದೆಯೆಂದು ತಿಳಿದುಬಿಡುತ್ತದೆ. ಆದುದರಿಂದ ಪ್ರಕಟಣೆಯ ತರುವಾಯದ ವಿಳಂಬವೇ ಹೆಚ್ಚಿನ ಅಪಾಯಕ್ಕೆ ಎಡೆ.

ತೇಪೆಯಿದೆಯೆಂಬ ಅರಿವೊಂದೇ ಸಾಲದು. ಅದೇ ವರ್ಷ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯಲ್ಲಿ, ಅಪಾಚೆ ಸ್ಟ್ರಟ್ಸ್ ತಂತ್ರಾಂಶಕ್ಕೆ ಮಾರ್ಚ್ 7ರಂದು ಬಂದ ತೇಪೆಯನ್ನು 48 ಗಂಟೆಗಳೊಳಗೆ ಹಾಕಬೇಕೆಂಬ ಸೂಚನೆ ಹೊರಟಿತ್ತು. ಆದರೆ ಯಾವ ಯಂತ್ರದಲ್ಲಿ ಯಾವ ತಂತ್ರಾಂಶವಿದೆಯೆಂಬ ಸಮಗ್ರ ಪಟ್ಟಿ ಅಲ್ಲಿರಲಿಲ್ಲ. ದೋಷವುಳ್ಳ ಯಂತ್ರ ಶೋಧನೆಗೆ ಸಿಗಲಿಲ್ಲ. ಮೇ ತಿಂಗಳಿನಲ್ಲಿ ಒಳಹೊಕ್ಕವರಿಂದ ಸುಮಾರು 14.7 ಕೋಟಿ ಜನರ ವಿವರಗಳು ಅಪಹೃತವಾದವು.

ಹಾಗೆಂದು ತೇಪೆಯನ್ನು ಕಣ್ಣುಮುಚ್ಚಿ ಹಾಕುವುದೂ ಸಲ್ಲದು. ಒಮ್ಮೊಮ್ಮೆ ಅದರಿಂದಲೇ ತಾಣದ ಇತರ ಅಂಗಗಳು ಕೆಡುವುದುಂಟು. ಮುಖ್ಯ ತಂತ್ರಾಂಶವನ್ನೂ ಅದಕ್ಕೆ ಸೇರಿಸಿದ ಉಪಾಂಗಗಳನ್ನೂ ಪಟ್ಟಿಮಾಡುವುದು, ಪೂರ್ಣ ಪ್ರತಿಯೊಂದನ್ನು ಬೇರೆಡೆ ತೆಗೆದಿಡುವುದು, ಪರೀಕ್ಷಾಪ್ರತಿಯಲ್ಲಿ ತೇಪೆಯನ್ನು ಒರೆಗೆ ಹಚ್ಚಿ ಬಳಿಕ ತಾಣಕ್ಕೆ ಹಾಕುವುದು, ಹಾಕಿದ ದಿನಾಂಕವನ್ನು ಬರೆದಿಡುವುದು – ಇವು ಕ್ರಮ. ಈ ಹೊಣೆ ಹೆಸರುಗೊಂಡ ಒಬ್ಬರಿಗೆ ಸೇರಿರಬೇಕು.

ಕಳವಾದ ದಾಖಲೆಯ ಅಭಾವ ಹೇಗೂ ಕಣ್ಣಿಗೆ ಬಿದ್ದೀತು. ಒಂದು ಶಾಸನಪಾಠದ ನಡುವೆ ಅನ್ಯರು ಸೇರಿಸಿದ ಪ್ರಕ್ಷಿಪ್ತ ಪಂಕ್ತಿಯಾದರೋ ಹಾಗೆ ಕಾಣದು. ಮುಂದಿನ ಸಂಶೋಧಕನು ಅದನ್ನೇ ಆಧಾರವೆಂದು ಸ್ವೀಕರಿಸುವನು. ಹಸ್ತಪ್ರತಿಗಳನ್ನು ಹುಳುವಿನಿಂದ ಕಾಪಾಡುವ ಕರ್ತವ್ಯದ ಸಾಲಿಗೆ ಈ ಕಾರ್ಯವನ್ನೂ ಸೇರಿಸುವುದು ಇತಿಹಾಸ ವಿಭಾಗಗಳಿಗೆ ಅವಶ್ಯಕವಾಗಿದೆ.