ಗುಣವಾಯಿತೆಂದು ಹೇಳತಕ್ಕವರು ಯಾರು?

ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳಿಂದ ಧುಮುಕುವ ಘೋಷವು ಮಳೆಗಾಲದಲ್ಲಿ ಬಹುದೂರ ಕೇಳಿಬರುವುದು. ಆದರೆ ಅಲ್ಲಿಯೇ ಇರುವ ಕೋದಂಡರಾಮಸ್ವಾಮಿಯ ಗರ್ಭಗೃಹದೊಳಗೆ ಆ ಶಬ್ದವು ಕೇಳಿಸದೆಂದು ನಮ್ಮ ಸೀಮೆಯ ಜನರು ಹೇಳುವರು. ವೈದ್ಯಾಲಯಗಳಲ್ಲಿಯೂ ಇದನ್ನು ಹೋಲುವ ಸ್ಥಿತಿಯೊಂದುಂಟು. ರೋಗಿಯ ಮನಸ್ಸಿನ ಮಾತು ಮನೆಯಲ್ಲಿಯೂ ಶಾಲೆಯಲ್ಲಿಯೂ ಕೇಳಿಬರುವುದಾದರೂ, ಚಿಕಿತ್ಸೆ ಮಾಡಿದವರ ಕಿವಿಗೆ ಅನೇಕವೇಳೆ ಮುಟ್ಟುವುದಿಲ್ಲ. ಸೀಳುತುಟಿ, ಸೀಳಂಗುಳಗಳೊಡನೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಇದು ವಿಶೇಷವಾಗಿ ವಿಚಾರಣೀಯವು.

ಸುಮಾರು 700 ಶಿಶುಗಳಲ್ಲಿ ಒಂದು ಈ ನ್ಯೂನತೆಯೊಡನೆ ಜನಿಸುವುದು. ಗರ್ಭಧಾರಣೆಯ 4ನೆಯ ವಾರದಿಂದ 9ನೆಯ ವಾರದೊಳಗೆ, ಎರಡು ಪಾರ್ಶ್ವಗಳಿಂದ ಬೆಳೆದುಬರುವ ಮುಖದ ಭಾಗಗಳು ಮಧ್ಯದಲ್ಲಿ ಕೂಡಿಕೊಳ್ಳದಿದ್ದರೆ ಸೀಳು ಉಳಿಯುವುದು. ಗ್ರಹಣಕಾಲದಲ್ಲಿ ಗರ್ಭಿಣಿಯು ಕುಡುಗೋಲನ್ನು ಮುಟ್ಟಿದಳೆಂದು ಆಕೆಯನ್ನು ದೂಷಿಸುವುದು ಅನ್ಯಾಯವು. ತಾನು ಬಸುರಿಯೆಂಬುದು ಆಕೆಗೆ ಸರಿಯಾಗಿ ತಿಳಿಯುವಷ್ಟರಲ್ಲಿಯೇ ತುಟಿಯ ರಚನೆಯು ಬಹುಮಟ್ಟಿಗೆ ಮುಗಿದಿರುವುದು.

ಕೊಯ್ದುಹೋದ ತುಟಿಯನ್ನು ಸಂಧಾನ ಮಾಡುವ ವಿಧಿಯು ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿಯೇ ಉಂಟು. ಈಗಿನ ವೈದ್ಯರು ಸಾಮಾನ್ಯವಾಗಿ ತುಟಿಯನ್ನು ಮೂರರಿಂದ ಆರು ತಿಂಗಳೊಳಗೂ, ಅಂಗುಳವನ್ನು ಒಂಬತ್ತರಿಂದ ಹದಿನೆಂಟು ತಿಂಗಳೊಳಗೂ ಸರಿಪಡಿಸುವರು. ಆದರೆ ಹೊಲಿಗೆ ಮುಗಿದ ಮಾತ್ರಕ್ಕೆ ಕಾರ್ಯವು ಮುಗಿಯಲಿಲ್ಲ. ಕಂಠ, ತಾಲು, ಮೂರ್ಧ, ದಂತ, ಓಷ್ಠಗಳು ವರ್ಣಗಳ ಸ್ಥಾನಗಳೆಂದು ನಮ್ಮ ಶಿಕ್ಷಾಶಾಸ್ತ್ರವು ಹೇಳುವುದಷ್ಟೆ. ಮೃದುವಾದ ಹಿಂಬದಿಯ ಅಂಗುಳವು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚದಿದ್ದರೆ ಉಸಿರು ಅತ್ತ ಸೋರಿಹೋಗುವುದು. ಆಗ ಮಗುವು ‘ಅಪ್ಪ’ ಎಂದದ್ದು ‘ಅಮ್ಮ’ ಎಂಬಂತೆ ಕೇಳಿಸುವುದು. ತರಗತಿಯಲ್ಲಿ ಓದುವ ಸರದಿ ಬಂದಾಗ ತಲೆ ತಗ್ಗಿಸಿ ನಿಲ್ಲುವ ಬಾಲಕನ ಸಂಕಟವು ಇಲ್ಲಿಯದು.

ಹಾಗಾದರೆ ಗುಣವಾಯಿತೆಂದು ಹೇಳತಕ್ಕವರು ಯಾರು? ಶಸ್ತ್ರವೈದ್ಯನು ಗಾಯದ ಗೆರೆಯನ್ನು ನೋಡಿ ತೃಪ್ತನಾಗುವನು. ಕುಡಿಸಿದ ಹಾಲು ಮೂಗಿನಿಂದ ಬರುವುದು ನಿಂತಿತೆಂದು ತಾಯಿಯು ಸಂತೋಷಪಡುವಳು. ಮಗುವು ಮಾತ್ರ ಕನ್ನಡಿಯನ್ನೂ ಒಡನಾಡಿಗಳ ಮುಖವನ್ನೂ ನೋಡಿ ತೀರ್ಮಾನಿಸುವುದು. ಈ ಮೂವರ ಅಭಿಪ್ರಾಯಗಳು ಒಂದೇ ಆಗಿರಬೇಕೆಂಬ ನಿಯಮವಿಲ್ಲ.

ಕೇಳುವ ಕ್ರಮದಲ್ಲಿಯೂ ತೊಡಕುಂಟು. ಉಚಿತವಾಗಿ ಚಿಕಿತ್ಸೆ ಪಡೆದ ಬಡವನನ್ನು ವೈದ್ಯನೇ ಎದುರಿಗೆ ನಿಂತು “ತೃಪ್ತಿಯಾಯಿತೇ?” ಎಂದು ಕೇಳಿದರೆ ಅವನು ಕೈಮುಗಿದು “ತಮ್ಮಿಂದ ಉಪಕಾರವಾಯಿತು, ಸ್ವಾಮಿ” ಎನ್ನದೆ ಮತ್ತೇನೆಂದಾನು? ಅದು ಕೃತಜ್ಞತೆ, ಅಳತೆಯಲ್ಲ. ಮತ್ತೆ ಬಾರದೆ ಹೋದವರನ್ನಂತೂ ಯಾರೂ ಕೇಳಿರುವುದಿಲ್ಲ.

ಈ ಕೊರತೆಯನ್ನು ನೀಗಲು ‘ಕ್ಲೆಫ್ಟ್-ಕ್ಯೂ’ ಎಂಬ ಪ್ರಶ್ನಾವಳಿಯು ಸಿದ್ಧವಾಯಿತು. ಕೆನಡಾ ದೇಶದ ಸಂಶೋಧಕರ ನೇತೃತ್ವದಲ್ಲಿ, ಭಾರತವೂ ಸೇರಿ 12 ದೇಶಗಳ 2,434 ಮಂದಿಯಲ್ಲಿ ಇದನ್ನು ಪರೀಕ್ಷಿಸಿ 2018ರಲ್ಲಿ ಫಲವನ್ನು ಪ್ರಕಟಿಸಿದರು. 8 ವರ್ಷದಿಂದ 29 ವರ್ಷದವರೆಗಿನವರು ತಾವೇ ಉತ್ತರ ಕೊಡತಕ್ಕದ್ದು. ಮುಖ, ಮೂಗು, ತುಟಿ, ಹಲ್ಲುಗಳ ರೂಪ, ಮಾತು, ಶಾಲೆಯ ಬಾಳು, ಸ್ನೇಹ, ಮನಸ್ಸಿನ ನೆಮ್ಮದಿ, ಮಾತಿನಿಂದಾಗುವ ಸಂಕೋಚ ಇವುಗಳನ್ನು ಬೇರೆಬೇರೆಯಾಗಿ ಕೇಳಿ, 0ಯಿಂದ 100ರವರೆಗೆ ಅಂಕ ಕೊಡುವರು. ಬೇರೆಬೇರೆಯಾಗಿ ಕೇಳುವುದರಲ್ಲಿಯೇ ಇದರ ಸ್ವಾರಸ್ಯವಿರುವುದು. ತುಟಿಗೆ ಹೆಚ್ಚು ಅಂಕವೂ ಮಾತಿಗೆ ಕಡಿಮೆಯೂ ಬಂದ ಮಗುವಿಗೆ ಬೇಕಾದುದು ಮಾತಿನ ಪರೀಕ್ಷೆಯೇ ಹೊರತು ಬರಿಯ ಹೊಗಳಿಕೆಯಲ್ಲ. ಅದಕ್ಕಾಗಿ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹವರಿಗಾಗಿಯೇ ಪ್ರತ್ಯೇಕ ಘಟಕವಿರುವುದು.

ಆದರೂ ಅಂಕಗಳಿಂದಲೇ ಎಲ್ಲವೂ ತಿಳಿಯದು. ಹೆಗ್ಗಡದೇವನಕೋಟೆಯ ಕಾಡಂಚಿನ ಕೂಲಿಗಾರನು ಮಗುವನ್ನೆತ್ತಿಕೊಂಡು ಮೈಸೂರಿಗೆ ಹೋಗಿಬರಲು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುವನು. ಬಸ್ಸಿನ ದುಡ್ಡು, ಕಾದ ಹೊತ್ತು, ಆಡಿಸಿಕೊಂಡ ಮಾತು ಇವನ್ನೂ ವಿಚಾರಿಸಬೇಕು. ಪ್ರಶ್ನೆಯು ಗ್ರಂಥಸ್ಥ ಭಾಷೆಯಲ್ಲಿರದೆ ಮಗುವಿನ ಮನೆಮಾತಿನಲ್ಲಿರಬೇಕು. ಕೇಳುವವರು ಚಿಕಿತ್ಸೆ ಮಾಡಿದವರಲ್ಲದೆ ಬೇರೊಬ್ಬರಾಗಿರಬೇಕು. ಒಮ್ಮೆ ಕೇಳಿ ಬಿಡದೆ, ಮಗುವು ಬೆಳೆದಂತೆ ಮತ್ತೆ ಮತ್ತೆ ಕೇಳಬೇಕು. ಎಂಟರ ಬಾಲಕಿಗೆ ಇಲ್ಲದ ಚಿಂತೆಯು ಹದಿನಾರರಲ್ಲಿ ಹುಟ್ಟಬಹುದು.

ಗೃಹಿಣಿಯರಲ್ಲಿ ಒಂದು ವಿಜ್ಞಾಪನೆ. ಇಂತಹ ಶಿಶುವು ಮನೆಯಲ್ಲಿ ಹುಟ್ಟಿದರೆ ಮರೆಮಾಡಬೇಡಿರಿ. ತಲೆಯನ್ನು ಎತ್ತಿ ಹಿಡಿದು, ತಾಯಿಯ ಹಾಲನ್ನು ಹಿಂಡಿ ಒಳಲೆಯಿಂದ ಮೆಲ್ಲಮೆಲ್ಲನೆ ಕುಡಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ನ್ಯೂನತೆಯೂ ಸೇರಿರುವುದರಿಂದ ಅಂಗನವಾಡಿಯಲ್ಲಿಯೋ ಆರೋಗ್ಯಕೇಂದ್ರದಲ್ಲಿಯೋ ಕೂಡಲೇ ತಿಳಿಸಿರಿ. ಶಸ್ತ್ರಚಿಕಿತ್ಸೆಯಾದ ಮೇಲೆ ನೆರೆಹೊರೆಯವರು “ಈಗ ಚೆನ್ನಾಗಿದ್ದಾನೆ” ಎಂದರೆಂದು ಸುಮ್ಮನಾಗದೆ, ಮಗುವನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು “ನಿನಗೆ ಹೇಗೆನಿಸುತ್ತದೆ, ಕಂದ?” ಎಂದು ಕೇಳಿರಿ, ಅದು ತೊದಲಿದರೂ ಕೊನೆಯವರೆಗೆ ಆಲಿಸಿರಿ.