ತೆಪ್ಪ ತೇಲಬೇಕಾದರೆ ಕೆರೆ ತುಂಬಬೇಕು

ನೀರಿನ ಹಬ್ಬ ಎಂದೊಡನೆ ಕೇರಳದ ಹಾವುದೋಣಿ ಪಂದ್ಯ ನೆನಪಾಗುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸೀಮೆಯಲ್ಲಿ ಅಂಥ ತುಂಬುನದಿ ಇಲ್ಲ. ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಅರ್ಕಾವತಿ, ದಕ್ಷಿಣ ಪಿನಾಕಿನಿಗಳು ಮಳೆ ನಂಬಿದ ಹೊಳೆಗಳು. ಆ ನೀರನ್ನು ಸಾಲುಕೆರೆಗಳಲ್ಲಿ ಹಿಡಿದಿಟ್ಟ ಜನ ಹಬ್ಬವನ್ನೂ ಕೆರೆಗೇ ತಂದರು. ಅದೇ ತೆಪ್ಪೋತ್ಸವ.

ನಂಜನಗೂಡಿನ ಕಪಿಲಾ ನದಿಯಲ್ಲಿ ಶ್ರೀಕಂಠೇಶ್ವರನ ತೆಪ್ಪೋತ್ಸವಕ್ಕೆ ಪಂಚಾಂಗದಲ್ಲಿ ದಿನ ಗೊತ್ತಿರುತ್ತದೆ. ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ದಿನ ಗೊತ್ತುಮಾಡುವುದು ಮಳೆ. ಕೆರೆ ಕೋಡಿ ಬಿದ್ದರೆ ಗಂಗಮ್ಮನಿಗೆ ಪೂಜೆ, ಬಾಗಿನ. ಡ್ರಮ್ಮುಗಳನ್ನು ಬಿಗಿದು ಹಲಗೆ ಹಾಸಿದ ತೆಪ್ಪದಲ್ಲಿ ಊರ ದೇವರ ಸವಾರಿ. ಏರಿಯ ಮೇಲೆ ಜನಜಾತ್ರೆ. ಮುಂದಿನ ಬೆಳೆಗೆ ನೀರಿದೆ ಎಂಬ ಸಮಾಧಾನವೇ ಆ ಸಂಭ್ರಮದ ಮೂಲ.

ಇದೇ ಅರ್ಕಾವತಿಯನ್ನು ನಂಬಿ 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಗಳಿಂದ ಬೆಂಗಳೂರಿಗೆ ಕುಡಿಯುವ ನೀರು ಒಯ್ಯಲಾಗಿತ್ತು. ಬಳಿಕ ರಾಜಕಾಲುವೆಗಳ ಒತ್ತುವರಿ, ನೀಲಗಿರಿ ತೋಪು, ಕೊಳವೆಬಾವಿಗಳು ಹೆಚ್ಚಿ ಕೆರೆಗಳಿಗೆ ಬರುವ ನೀರು ತಗ್ಗಿತು. ಕೋಡಿ ಬೀಳದ ವರ್ಷಗಳು ಬೆಳೆದಂತೆ ತೆಪ್ಪವೂ ಅಪರೂಪವಾಯಿತು.

2021 ಮತ್ತು 2022ರ ಭಾರಿ ಮಳೆಗೆ ಹಲವು ಕೆರೆಗಳು ಎಷ್ಟೋ ವರ್ಷಗಳ ಮೇಲೆ ತುಂಬಿದಾಗ ಹಳ್ಳಿಗಳು ಮತ್ತೆ ತೆಪ್ಪ ಕಟ್ಟಿದವು. ಪದ್ಧತಿ ಜನರಿಗೆ ಮರೆತಿರಲಿಲ್ಲ. ಕಾಲುವೆಯ ದಾರಿ ಬಿಡಿಸಿದರೆ ಹಬ್ಬ ತಾನಾಗಿ ಬರುತ್ತದೆ.