ಉಸಿರಿನ ಆಟಕ್ಕೆ ವಿಶ್ವವೇ ಅಂಗಳ

ಎದುರಾಳಿ ಪಾಳೆಯದಲ್ಲಿ ಏಳು ಮಂದಿ, ನುಗ್ಗುವವನು ಒಬ್ಬನೇ. ‘ಕಬಡ್ಡಿ, ಕಬಡ್ಡಿ’ ಎಂಬ ಉಚ್ಚಾರ ತುಂಡಾಗಬಾರದು, 30 ಸೆಕೆಂಡು ಮೀರಬಾರದು. ಮೂಲೆಯಲ್ಲಿ ಹೊಂಚು ಹಾಕಿದ ಡಿಫೆಂಡರ್ ಪಾದಕ್ಕೆ ಕೈ ಹಾಕಿದ್ದೇ ತಡ, ಉಳಿದವರು ಮುಗಿಬೀಳುತ್ತಾರೆ. ಅವರಡಿಯಲ್ಲಿ ಸಿಲುಕಿದ ರೈಡರ್‌ನ ಬೆರಳ ತುದಿ ಮಧ್ಯರೇಖೆಯನ್ನು ಮುಟ್ಟಿತೆಂದರೆ ಸೆರೆಯೇ ವಿಜಯವಾಗಿಬಿಡುತ್ತದೆ! ಚೆಂಡು, ದಾಂಡುಗಳ ಹಂಗಿಲ್ಲದ ಈ ದೇಸಿ ಕ್ರೀಡೆ ಇಂದು ಇರಾನ್, ದಕ್ಷಿಣ ಕೊರಿಯಾ, ಜಪಾನ್, ಇಂಗ್ಲೆಂಡ್‌ಗಳ ಯುವಜನರನ್ನೂ ಸೆಳೆದಿದೆ.

ತಮಿಳುನಾಡಿನಲ್ಲಿ ಚೆಡುಗುಡು, ಮಹಾರಾಷ್ಟ್ರದಲ್ಲಿ ಹುತುತು, ಬಂಗಾಳದಲ್ಲಿ ಹಾಡುಡು ಎಂದು ಊರಿಗೊಂದು ರೂಪದಲ್ಲಿದ್ದ ಆಟಕ್ಕೆ 20ನೇ ಶತಮಾನದಲ್ಲಿ ಏಕರೂಪದ ನಿಯಮಗಳು ದೊರೆತವು. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿ ಇದನ್ನು ಜಗತ್ತಿಗೆ ಪ್ರದರ್ಶಿಸಿತು. 1980ರಲ್ಲಿ ಕೋಲ್ಕತ್ತ ಮೊದಲ ಏಷ್ಯನ್ ಚಾಂಪಿಯನ್‌ಷಿಪ್‌ಗೆ ಆತಿಥ್ಯ ನೀಡಿತು. 1990ರ ಬೀಜಿಂಗ್ ಏಷ್ಯಾಡ್‌ನಲ್ಲಿ ಕಬಡ್ಡಿ ಪದಕದ ಕ್ರೀಡೆಯಾಯಿತು. ಅಲ್ಲಿಂದ ಸತತ ಏಳು ಕೂಟಗಳ ಪುರುಷರ ಚಿನ್ನ ಭಾರತದ್ದೇ. 2010ರಲ್ಲಿ ಗುವಾಂಗ್‌ಝೌನಲ್ಲಿ ಮಹಿಳೆಯರಿಗೂ ಈ ವೇದಿಕೆ ತೆರೆಯಿತು.

ಮಣ್ಣಿನ ಅಂಕಣದಿಂದ ಮ್ಯಾಟ್‌ಗೆ ಬಂದ ಆಟಕ್ಕೆ 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ಅಭೂತಪೂರ್ವ ಕಾಂತಿ ನೀಡಿತು. ಹೊನಲು ಬೆಳಕು, ನಿಧಾನಗತಿಯ ಮರುಪ್ರಸಾರ, ಬಿಡುವಿಲ್ಲದ ವೇಗ ಇವೆಲ್ಲ ಸೇರಿ ಹಳ್ಳಿಯ ಕೌಶಲವನ್ನು ಮನೆಮನೆಯ ಸಂಜೆಯ ಸಂಭ್ರಮವಾಗಿಸಿದವು. ಇರಾನಿನ ಫಜಲ್ ಅತ್ರಾಚಲಿಯ ಉಕ್ಕಿನ ಹಿಡಿತಕ್ಕೂ ಕೊರಿಯಾದ ಜಾಂಗ್ ಕುನ್ ಲೀಯ ಮಿಂಚಿನ ದಾಳಿಗೂ ಭಾರತೀಯರು ಮನಸೋತರು. ಕನ್ನಡಿಗರ ಪಾಲೂ ಹಿರಿದು: 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಿರೀಟ ಧರಿಸಿತು, ಕರ್ನಾಟಕದ ಬಿ.ಸಿ. ರಮೇಶ್ ತರಬೇತುದಾರರಾಗಿ ಬೆಂಗಾಲ್ ವಾರಿಯರ್ಸ್, ಪುಣೇರಿ ಪಲ್ಟನ್ ತಂಡಗಳನ್ನು ಪ್ರಶಸ್ತಿಯವರೆಗೆ ಮುನ್ನಡೆಸಿದರು.

ಆದರೆ ಕ್ರೀಡೆಯೊಂದು ನಿಜಕ್ಕೂ ವಿಶ್ವದ ಸ್ವತ್ತಾಗುವುದು, ಕಲಿತವರು ಕಲಿಸಿದವರನ್ನೇ ಮಣಿಸುವಷ್ಟು ಬೆಳೆದಾಗ. 2018ರ ಜಕಾರ್ತ ಏಷ್ಯಾಡ್‌ನಲ್ಲಿ ಅದು ನಡೆದೇಹೋಯಿತು. ಇರಾನಿನ ಪುರುಷರು ಸೆಮಿಫೈನಲ್‌ನಲ್ಲಿ, ಮಹಿಳೆಯರು ಫೈನಲ್‌ನಲ್ಲಿ ಭಾರತವನ್ನು ಸೋಲಿಸಿ ಎರಡೂ ಚಿನ್ನ ಗೆದ್ದರು. ಹಾಂಗ್‌ಝೌ ಕೂಟದಲ್ಲಿ ಭಾರತ ಎರಡನ್ನೂ ಮರಳಿ ಪಡೆದರೂ, ಚೈನೀಸ್ ತೈಪೆಯ ವನಿತೆಯರ ಎದುರು ಗೆಲುವಿನ ಅಂತರ ಕೇವಲ ಒಂದು ಅಂಕ: 26-25. ಆ ಕೂಟದಲ್ಲಿ ಭಾರತದ ನೂರನೇ ಪದಕವೂ ಅದೇ. 2025ರ ವಿಶ್ವಕಪ್ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲೇ ನಡೆಯಿತು. ತವರಿಗೆ ಚಿನ್ನ ಇನ್ನು ಸುಲಭದ ತುತ್ತಲ್ಲ. ಕಬಡ್ಡಿಯ ಜಾಗತಿಕ ಯಶಸ್ಸಿಗೆ ಇದಕ್ಕಿಂತ ಹಿರಿದಾದ ಪುರಾವೆ ಬೇಕಿಲ್ಲ.